ಟೀವಿಗೆ ಬಾರದ ನಿಕಾಹ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ೨೦೦೯ರ ಒಂದು ಭಾನುವಾರ ಬೆಳಿಗ್ಗೆ ರೋಣದಲ್ಲಿ ಇಡೀ ಒಂದು ನಿಕಾಹವೇ ಕಾಣೆಯಾಯಿತು!

ಸೀರೆ ವ್ಯಾಪಾರಿ ಮದರಸಾಬರ ಟೀವಿಯ ತುಂಬ ಬರೀ ನೀಲಿ. ಏನೂ ಸಿಗಲಿಲ್ಲ ಎಂಬ ಒಂದೇ ಸಾಲು.

ಹಿಂದಿನ ಸಂಜೆಯಷ್ಟೇ ಅವರ ಅಣ್ಣನ ಮಗ ಆಫ್ತಾಬ ಮಹಡಿಯ ಕಂಪ್ಯೂಟರಿನಿಂದ ಕೆಳಗೆ ಟೀವಿಗೆ ಹಚ್ಚಿದ ಹೊಸ ಡಬ್ಬಿಗೆ ವೈರು ಎಳೆದು, ಮದರಸಾಬರ ಹಿರಿಯ ಮಗಳು ಅಂಜುಮಳ ಮದುವೆಯ ಫೋಟೊ ತೋರಿಸಿ ಶಾಭಾಸ್‌ಗಿರಿ ಪಡೆದಿದ್ದ. ವಿಡಿಯೊ ಇವತ್ತಿಗೆ ಉಳಿದಿತ್ತು. ಈಗ ಫೋಟೊವೂ ಇಲ್ಲ!

"ನಾ ಅವತ್ತ ಹೆಂಗಸರ ಜೋಡಿ ಒಳಗಿದ್ದೆ," ಮದರಸಾಬರ ಹೆಂಡತಿ ಜಮಾಲಬಿ ಮೊಣಕಾಲು ನೀವಿಕೊಂಡರು. "ಅಳಿಯ ನಿಕಾಹಕ್ಕ ಒಪ್ಪಿ ಕಬೂಲ್ ಅಂದದ್ದು ಚಪ್ಪರದಾಗಿನ ಗಂಡಸ್ರಿಗಷ್ಟ ಕೇಳ್ತು. ಅದನ್ನೊಂದ ನೋಡಬೇಕವಾ ನೇತ್ರಾ. ಮಹಡಿ ಹತ್ತಾಕ ಈ ಮೊಣಕಾಲು ಎಲ್ಲಿ ಬಿಡ್ತಾವ?"

ಪಕ್ಕದ ಮನೆಯ ನೇತ್ರಾ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ಊರಲ್ಲಿ ಯಾರ ದನಿಯನ್ನಾದರೂ ಥೇಟ್ ಅಣಕಿಸಿ ಮಾತಾಡುವವಳು. ವಿಚಾರಣೆ ಶುರುವಾಯಿತು.

"ಆಫ್ತಾಬ, ಏನೇನ ಮಾಡಿ ನೋಡ್ದಿ?"

"ಎರಡು ತಾಸಾತು ಅಕ್ಕಾ, ಡಬ್ಬಿ ಆರಿಸಿ ಹಚ್ಚಿ, ಆರಿಸಿ ಹಚ್ಚಿ! ಹೆಣ್ಣು ನೋಡಾಕ ಬಂದೋರಂಗ ಅದು ಹುಡುಕಿದ್ದ ಹುಡುಕಿದ್ದು, ಹೂಂ ಅಂತ ಮಾತ್ರ ಹೇಳವಲ್ದು!"

"ಕಂಪ್ಯೂಟರ್ ಮುಸುಕು ತಗದವ ನೀನ?"

"ಇಲ್ಲ. ನಾ ಬಂದಾಗ ಕುರ್ಚಿ ಮ್ಯಾಲಿತ್ತು."

"ಗುಲ್ಷನ, ನೀ?"

"ನಾ ನಿನ್ನೆ ಸಂಜಿಗೆ ಕಂಪ್ಯೂಟರ್ ಮ್ಯಾಲೆ ಮುಸುಕು ಒಗದು ಬಂದೆ, ಮತ್ತ ಹೋಗೇ ಇಲ್ಲ," ಎಂದಳು ಕಿರಿಯ ಮಗಳು.

"ಚಾಚಾ, ನೀವ್ರಿ?"

"ಯವ್ವಾ, ಅದರ ಸುದ್ದಿಗೇ ನಾ ಹೋಗಿಲ್ಲ!" ಮದರಸಾಬರು ಕೈಯಾಡಿಸಿದರು. " ಆ ಡಬ್ಬಿ ಲಗೂ ವಾಪಸ್ ಕೊಟ್ಟುಬಿಡ್ರಿ."

ಆಫ್ತಾಬನ ಮುಖ ಬಾಡಿತು.

ನೇತ್ರಾ ಮಹಡಿ ಹತ್ತಿದಳು. ಕಂಪ್ಯೂಟರ್ ಚಾಲೂ ಇತ್ತು. ವೈರು ಹಿಂದೆ ಸಿಕ್ಕಿಸಿದ ಹಾಗೇ ಕಂಡಿತು. ಬೆರಳಿಟ್ಟರೆ ಸಡಿಲ! ತಾನಾಗಿ ಜಾರಿತೆ? ಯಾರಾದರೂ ಎಳೆದರೆ? ಕುರ್ಚಿಯ ಮೇಲಿನ ಮುಸುಕನ್ನು ನೋಡಿದಳು. ಮತ್ತೊಮ್ಮೆ ನೋಡಿದಳು. ವೈರನ್ನು ಟಕ್ಕೆಂದು ಒತ್ತಿ ಕೂಡಿಸಿದಳು.

ಮೆಟ್ಟಿಲ ಮೇಲಿಂದ ಗಡಸು ದನಿಯೊಂದು ಇಳಿಯಿತು. ಮದರಸಾಬರ ಸಕ್ಕರೆ ಕಾಯಿಲೆ ನೋಡುವ ದವಾಖಾನಿ ಡಾಕ್ಟರರದೇ!

"ಮದರಸಾಬ್ರ! ಸಕ್ಕರಿ ಎಷ್ಟೈತ್ರಿ ಈಗ?"

ಮದರಸಾಬರು ಪಟ್ಟನೆ ಎದ್ದು ನಿಂತರು. "ಎರಡ ಜಿಲೇಬಿರಿ ಸಾಹೇಬ್ರ! ಮದುವಿ ಅಂತ ತಿಂದೆ!"

ಇಳಿದು ಬಂದದ್ದು ನೇತ್ರಾ. ಕೈಯಲ್ಲಿ ಮುಸುಕು.

"ಗುಲ್ಷನ ಹೆಂಗಂದ್ರ ಹಂಗ ಒಗದು ಬಂದ ಅರಿಬಿ ಇದು. ಆಫ್ತಾಬ ಮುಟ್ಟಿಲ್ಲ. ಆದ್ರ ನಾಕು ಮಡಿಕಿ, ಅಂಚು ಹೊರಗ, ಗಿರಾಕಿಗೆ ತೋರಸೂ ಹಂಗ! ಈ ಮನ್ಯಾಗ ಹಿಂಗ ಮಡಚೂ ಕೈ ಯಾವುದು? ವೈರ್ ಕಿತ್ತವರು ನೀವ, ಚಾಚಾ. ಮೂವತ್ತು ವರ್ಷ ಸೀರಿ ಮಾರಿದ ಕೈ, ಕಳವಿನಾಗೂ ಸುಮ್ಮನಿರಲಿಲ್ಲ."

"ಸಿಹಿ ಮೂಸಿನೂ ನೋಡಿಲ್ಲಂದಿದ್ರೆಲ್ರೀ!" ಜಮಾಲಬಿ ಕಣ್ಣರಳಿಸಿದರು.

"ನಾ ತಿಂದದ್ದು ವಿಡಿಯೊದಾಗ ಬಂದೈತಂತ ಆಶಿಕ ನಿನ್ನೆ ಹೇಳಿದ," ಮದರಸಾಬರ ದನಿ ನೆಲ ಹಿಡಿಯಿತು. ಆಶಿಕ ಎಂದರೆ ವಿಡಿಯೊ ತೆಗೆದವನು.

ಅಷ್ಟರಲ್ಲಿ ಟೀವಿ ಬೆಳಗಿತು. ಅಳಿಯ ತಲೆ ತಗ್ಗಿಸಿ ಕಬೂಲ್ ಅಂದ. ಜಮಾಲಬಿ ಸೆರಗಿನಿಂದ ಕಣ್ಣೊತ್ತಿಕೊಂಡರು. ಅಳಿಯನ ಬೆನ್ನ ಹಿಂದೆ, ಅತ್ತಿತ್ತ ನೋಡುತ್ತ, ಮದರಸಾಬರು ಬಾಯಿಗೆ ಜಿಲೇಬಿ ತುಂಬಿಕೊಳ್ಳುತ್ತಿದ್ದರು.

"ಒಂದು... ಮೂರು... ಐದು!" ಜಮಾಲಬಿ ಎಣಿಸಿದರು. "ಆಫ್ತಾಬ, ಡಬ್ಬಿ ಇಲ್ಲೇ ಇರಲಿ. ಮತ್ತೊಮ್ಮೆ ಹಚ್ಚು!"

ನೇತ್ರಾ ಡಾಕ್ಟರ್ ದನಿಯಲ್ಲಿ ಕೆಮ್ಮಿದಳು. ಮದರಸಾಬರು ಅಭ್ಯಾಸಬಲದಿಂದ ಮತ್ತೆ ಎದ್ದು ನಿಂತರು. ನಿಂತದ್ದು ತಿಳಿದದ್ದೇ ಹೊಟ್ಟೆ ಹಿಡಿದು ನಕ್ಕರು ನೋಡಿ, ಉಳಿದವರ ನಗೆ ಯಾರಿಗೂ ಕೇಳಿಸಲಿಲ್ಲ.