ಕಾಣದೆ ಹೋದ ನಕ್ಷತ್ರ

"ಎರಡೂ ಒಂದೇ ಅಲ್ವಾ ಮೇಡಂ?"

ಹೊಲಿಗೆಯವಳು ತಲೆಯೆತ್ತಿದಳು. ಅವಳ ಒಂದು ಕೈಯಲ್ಲಿ ದಾಳಿಂಬೆಗೆಂಪು ಬಟ್ಟೆ, ಇನ್ನೊಂದರಲ್ಲಿ ಎಲೆಹಸಿರು. ಬಟ್ಟೆ ಅಂಗಡಿಗೆ ಹೊಸದಾಗಿ ಸೇರಿದ್ದ ಈ ಉದ್ದನೆಯ ಮನುಷ್ಯನ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

ಬೆಳಗಿನಿಂದ ಹದಿನಾಲ್ಕು ಪರದೆಗಳಿಗೆ ಅಂಚು ಹೊಲಿದು ಅವಳ ಬೆನ್ನು ಹಲಗೆಯಾಗಿತ್ತು. ಗೇಲಿಯನ್ನು ಸಹಿಸುವಷ್ಟು ತ್ರಾಣ ಉಳಿದಿರಲಿಲ್ಲ.

"ಕಣ್ಣಿದ್ದವರಿಗೆ ಬೇರೆ ಬೇರೆ ಕಾಣುತ್ತೆ."

ಅವನ ಮುಖ ಸಣ್ಣದಾಯಿತು. ಎರಡನ್ನೂ ಮೂರು ಮೂರು ಮೀಟರ್ ಕತ್ತರಿಸಿಕೊಟ್ಟ.

ಎಂಟು ವರ್ಷದಿಂದ ಅಂಚು ಮಡಿಚಿದ್ದೇ ಮಡಿಚಿದ್ದು... ಹೊಲಿಗೆಮನೆ ನಡೆಸುವ ದೊಡ್ಡಕ್ಕ ಮೊದಲ ಸಲ ಬಣ್ಣದ ಆಯ್ಕೆಯನ್ನು ಅವಳ ಕೈಗೆ ಕೊಟ್ಟಿದ್ದಳು. ತುಂಡುಬಟ್ಟೆ ಜೋಡಿಸಿದ ದೊಡ್ಡ ಹೊದಿಕೆ. ಕೆಂಪು ನೆಲದ ಮೇಲೆ ಹಸಿರು ನಕ್ಷತ್ರ. ಚೆನ್ನಾಗಿ ಬಂದರೆ ಮುಂದೆಲ್ಲ ಇದೇ ಕೆಲಸ. ಕೆಟ್ಟರೆ ಮತ್ತೆ ಪರದೆ.

ದಾರ ಮುಗಿದಾಗೆಲ್ಲ ಆ ಅಂಗಡಿಗೇ ಹೋಗಬೇಕಿತ್ತು. ಅವನು ಕೇಳದೆಯೇ ಸ್ಟೂಲು ಎಳೆದು ಹಾಕುತ್ತಿದ್ದ, ನೀರು ತಂದಿಡುತ್ತಿದ್ದ. ಹೊದಿಕೆ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದ. ಮೂರನೆಯ ವಾರದ ಹೊತ್ತಿಗೆ ಪೆಟ್ಟಿಗೆಯಲ್ಲಿ ದಾರವಿದ್ದರೂ ಅವಳ ಕಾಲು ಅತ್ತ ತಿರುಗುತ್ತಿತ್ತು.

'ದಾರಕ್ಕೇ ತಾನೇ ಹೋಗ್ತಿರೋದು...' ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ನಂಬಿಕೆ ಮಾತ್ರ ಬರುತ್ತಿರಲಿಲ್ಲ.

ಹೊದಿಕೆ ಮುಗಿದ ದಿನ ಅದನ್ನು ಗೋಡೆಗೆ ತೂಗುಹಾಕಿದರು. ದೊಡ್ಡಕ್ಕ ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದಳು.

"ನಕ್ಷತ್ರ ಎಲ್ಲಮ್ಮಾ?"

ಹೊಲಿಗೆಯವಳೂ ಹಿಂದೆ ಸರಿದಳು. ಸಣ್ಣ ತುಂಡುಗಳ ಕೆಂಪು ಹಸಿರು ದೂರಕ್ಕೆ ಬೆರೆತು, ಗೋಡೆಯ ಮೇಲೆ ಕೆಸರಿನಂಥ ಒಂದೇ ಮುದ್ದೆ.

ದೊಡ್ಡಕ್ಕ ಬಯ್ಯಲಿಲ್ಲ. ಶನಿವಾರದೊಳಗೆ ಸರಿಯಾಗದಿದ್ದರೆ ಪರದೆಗಳು ಕಾಯುತ್ತಿವೆ ಎಂದಷ್ಟೇ ಹೇಳಿದಳು. ಅದು ಬೈಗುಳಕ್ಕಿಂತ ಭಾರವಾಗಿತ್ತು.

ಹೊದಿಕೆಯನ್ನು ಹೊತ್ತುಕೊಂಡೇ ಅವಳು ಅಂಗಡಿಗೆ ಬಂದಳು.

"ಎರಡು ಬಣ್ಣವೂ ಬೆರೆತುಹೋಗುತ್ತೆ ಅಂತ ನಿಮಗೆ ಗೊತ್ತಿತ್ತು. ಮೂರು ವಾರ ಕೂರಿಸಿ ನೀರು ಕೊಟ್ರಿ, ಇದೊಂದು ಹೇಳೋಕೆ ಬಾಯಿ ಬರ್ಲಿಲ್ವಾ?"

ಅವನು ಕತ್ತರಿ ಕೆಳಗಿಟ್ಟ. ಮಾಲೀಕ ದೂರದಲ್ಲಿದ್ದಾನೆಂದು ಖಚಿತಪಡಿಸಿಕೊಂಡು ಮೆಲ್ಲಗೆ ಹೇಳಿದ:

"ಮೊದಲ ದಿನವೇ ಹೇಳಿದ್ದೆ. ನೀವು ಕಣ್ಣಿನ ಮಾತೆತ್ತಿದ್ರಿ... ನಂಗೆ ಕೆಂಪು, ಹಸಿರು ಬೇರೆ ಬೇರೆ ಕಾಣೋದೇ ಇಲ್ಲ. ಬಟ್ಟೆ ಥಾನಿನ ಮೇಲಿನ ಬಣ್ಣದ ಚೀಟಿ ಓದಿ ವ್ಯಾಪಾರ ಮಾಡ್ತೀನಿ. ತಿಳಿ ಯಾವುದು, ಗಾಢ ಯಾವುದು, ಅದು ಮಾತ್ರ ಚೆನ್ನಾಗಿ ಗೊತ್ತಾಗುತ್ತೆ. ಮಾಲೀಕರಿಗೆ ತಿಳಿದ್ರೆ ಕೆಲಸ ಹೋಗುತ್ತೆ."

ಅವಳ ಸಿಟ್ಟು ಹೋದ ಜಾಗದಲ್ಲಿ ನಾಚಿಕೆ ಬಂದು ಕೂತಿತು. ಇಷ್ಟು ದಿನ ಮುಚ್ಚಿಟ್ಟದ್ದನ್ನು ನನ್ನೆದುರು ಬಿಚ್ಚಿಟ್ಟನಲ್ಲ...

ಹೊದಿಕೆಯನ್ನು ಕಣ್ಣು ಅರ್ಧ ಮುಚ್ಚಿ ನೋಡಿ ಎಂದ. ನೋಡಿದಳು. ಬಣ್ಣಗಳು ಕರಗಿ ಎರಡೂ ಬಟ್ಟೆ ಒಂದೇ ಕತ್ತಲಾದವು. ಅವನು ಕಪಾಟಿನಿಂದ ಒಂದೊಂದೇ ಥಾನು ತೆಗೆದು ಕೆಂಪಿನ ಪಕ್ಕ ಹಿಡಿಯುತ್ತಾ ಹೋದ. ಆರನೆಯದಕ್ಕೆ ಅವಳು ತಡೆಯಿರಿ ಎಂದಳು. ಸೌತೆಕಾಯಿಯ ತಿರುಳಿನಂಥ ಬಟ್ಟೆ, ಅರೆಮುಚ್ಚಿದ ಕಣ್ಣಿಗೂ ಬೆಳಕಿನಂತೆ ಎದ್ದು ನಿಂತಿತ್ತು.

"ತಿಳಿ ಹಸಿರು ಅಂತ ಚೀಟಿ ಹೇಳುತ್ತೆ," ಎಂದ ಅವನು.

ನಾಲ್ಕು ದಿನ ಹೊಲಿಗೆ ಬಿಚ್ಚಿ, ಮತ್ತೆ ಹೊಲಿದು ಬೆರಳು ತೂತುಬಿದ್ದವು. ಶನಿವಾರ ದೊಡ್ಡಕ್ಕ ಬಾಗಿಲಲ್ಲೇ ನಿಂತು ನಕ್ಷತ್ರ ನೋಡಿದಳು. ಮುಂದಿನ ಹೊದಿಕೆಯ ಅಳತೆಚೀಟಿಯನ್ನು ಅವಳ ಮೇಜಿನ ಮೇಲಿಟ್ಟಳು.

ಸಂಜೆ ಅವಳು ಅಂಗಡಿಯ ಸ್ಟೂಲಿನ ಮೇಲೆ ಕುಸಿದು ಕೂತಳು.

"ದಾರ ಬೇಕಿತ್ತಾ?"

"ಇಲ್ಲ. ಸುಸ್ತಾಗಿದೆ, ಬಂದೆ." ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನಿಮ್ಮ ಷರ್ಟು ಪ್ಯಾಂಟು ಯಾವಾಗ್ಲೂ ಹೊಂದುತ್ತಲ್ಲ, ಹೇಗೆ?"

ಅವನ ಕಿವಿ ಬಿಸಿಯಾಯಿತು. "ಅಮ್ಮ ಎತ್ತಿಡ್ತಾರೆ. ನಂಗೆ ಮೂವತ್ತೊಂದು ವರ್ಷ ಆಯ್ತು, ಇನ್ನೂ..."

"ಪಾಪ, ಅವರಿಗೂ ಸಾಕಾಗಿರುತ್ತೆ. ಆ ಕೆಲಸ ನಂಗೆ ಬಿಟ್ಟುಕೊಡ್ತಾರಾ, ಕೇಳಿ ನೋಡ್ತೀರಾ?"

ಅವನ ಕೈಯ ಅಳತೆಕೋಲು ಅಲ್ಲೇ ನಿಂತಿತು.

"ಬೆಳಿಗ್ಗೆ ಬೇಗ ಏಳ್ಬೇಕಾಗುತ್ತೆ," ಎಂದ. "ನಿಮಗೆ ಮೊದಲೇ ಸುಸ್ತು."

"ಹಿಂದಿನ ಸಂಜೆಯೇ ಎತ್ತಿಡ್ತೀನಿ ಬಿಡಿ," ಎಂದು ಅವಳು ಬಟ್ಟೆಯ ರಾಶಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು.