ಉಪ್ಪು ನೀರಲ್ಲಿ ತೊಳೆದ ಎಲೆ

ಕಂದಾಗಬೇಕಿದ್ದ ದ್ರಾವಣ ಹಾಲಿನ ಹಾಗೆ ಬೆಳ್ಳಗಾಯಿತು. ವಿಜೇತಾ ಫ್ಲಾಸ್ಕನ್ನು ಬೆಳಕಿಗೆ ಹಿಡಿದು ನೋಡಿದಳು.

ದೊಡ್ಡಪತ್ರೆ ಅನ್ನುವ ಸಾಂಬ್ರಾಣಿ ಎಲೆಯ ಕಷಾಯಕ್ಕೆ ಸಿಲ್ವರ್ ನೈಟ್ರೇಟ್ ಬೆರೆಸಿದರೆ ಬೆಳ್ಳಿಯ ನ್ಯಾನೊ ಕಣಗಳು ಹುಟ್ಟಬೇಕು, ಬಣ್ಣ ಕಂದಾಗಬೇಕು. ಆ ಕಣಗಳು ಫಂಗಸ್ ಕೊಲ್ಲುತ್ತವೆಯೇ ಎಂಬುದೇ ಅವಳ ಪಿಎಚ್‌ಡಿ. ದೋಣಿಯಿಂದ ಇಳಿದು ಕಾಲ್ಬೆರಳ ಸಂದಿ ಕೆರೆದುಕೊಳ್ಳುತ್ತ ಕೂರುವ ಅಪ್ಪ ಬೂಬನನ್ನು ನೋಡಿಯೇ ಈ ವಿಷಯ ಹಿಡಿದಿದ್ದಳು. ಸಂಜೆ ಗೈಡ್ ಮೇಡಂಗೆ ಕಂದು ಬಣ್ಣ ತೋರಿಸದಿದ್ದರೆ ವಿಷಯವೇ ರದ್ದು. ಮತ್ತೆ ಉಳಿಯುವುದು ಬೈಕಂಪಾಡಿಯ ಮೀನಿನ ಫ್ಯಾಕ್ಟರಿಯ ಕೆಲಸ.

"ಬಿಳಿ ಆಯ್ತು ಅಂದ್ರೆ ಉಪ್ಪು ಸೇರಿದೆ. ಡಿಸ್ಟಿಲ್ಡ್ ವಾಟರ್ ಸರಿ ಉಂಟು, ಫ್ಲಾಸ್ಕ್ ನಾನೇ ತೊಳೆದದ್ದು. ಮತ್ತೆ ಉಪ್ಪು ಎಲ್ಲಿಂದ ಬಂತು ಮಾರಾಯ?"

ಕಮಲೇಶ್ ತಲೆ ಎತ್ತಲಿಲ್ಲ. ಪಕ್ಕದ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಅವಳಿಗಾಗಿ ಫಂಗಸ್ ಬೆಳೆಸಿಕೊಡುವವನು ಅವನು. ಬಿಜೈಯಲ್ಲಿರುವ ತನ್ನ ಮನೆಯಿಂದ ಎಲೆ ತಂದವನೂ ಅವನೇ.

"ಎಲೆಯನ್ನು ಉಪ್ಪು ನೀರಲ್ಲಿ ತೊಳೆದೆ. ಮನೆಯಲ್ಲಿ ಸೊಪ್ಪು ಹಾಗೇ ತೊಳೆಯುವುದಲ್ವಾ..."

"ತೊಳೀಲಿಕ್ಕೆ ನಿನ್ನತ್ರ ಹೇಳಿದ್ದು ಯಾರು?"

"ಯಾರೂ ಇಲ್ಲ. ನಿನಗೆ ಹುಳ ಕಂಡ್ರೆ ಹೆದರಿಕೆ ಅಲ್ವಾ."

ಅವಳಿಗೆ ಸಿಟ್ಟು ಬಂತು. ಸಿಟ್ಟಿನ ನಡುವೆಯೂ ಆ ಮಾತು ಹಿತವೆನಿಸಿತು. ಹಿತವೆನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಸಿಲ್ವರ್ ನೈಟ್ರೇಟ್ ಉಳಿದದ್ದು ಒಂದೇ ಸಲಕ್ಕಾಗುವಷ್ಟು. ಸ್ಕೂಟರ್ ಹತ್ತಿ ಹೋದ ಕಮಲೇಶ್ ಚಟ್ಟಿ ಸಮೇತ ಗಿಡವನ್ನೇ ತಂದಿಟ್ಟ. ಎಲೆಯ ಮೇಲೊಂದು ಹಸಿರು ಹುಳ ನಿಧಾನಕ್ಕೆ ಹರಿಯುತ್ತಿತ್ತು.

"ನಾನು ಕೀಳಲಾ?"

"ನೀನು ಮುಟ್ಟಬೇಡ!"

ಅರ್ಧ ಕಣ್ಣು ಮುಚ್ಚಿ ಅವಳೇ ಎಲೆ ಕಿತ್ತಳು. ಹುಳ ಬೆರಳಿಗೆ ತಾಗಿದ್ದೇ ತಡ, ಕಿರುಚಿ ಅವನ ತೋಳು ಹಿಡಿದಳು. ಬಿಡಲು ತುಸು ತಡವಾಯಿತು.

ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ಕುದಿಸಿ, ಸೋಸಿ, ಬೆರೆಸಿ ಕಿಟಕಿಯ ಬಿಸಿಲಿಗಿಟ್ಟರು. ದ್ರಾವಣ ತಿಳಿಹಳದಿಯಾಗಿಯೇ ನಿಂತಿತು. ಕಾರಿಡಾರಿನಲ್ಲಿ ಮೇಡಂ ಚಪ್ಪಲಿಯ ಸದ್ದು ಕೇಳಿಸಿತು.

"ನೀನು ಬೈಕಂಪಾಡಿಗೆ ಹೋದ್ರೆ ನಾನು ಫಂಗಸ್ ಯಾರಿಗೆ ಬೆಳೆಸುವುದು?" ಅವನು ಅವಳತ್ತ ತಿರುಗಿದ. "ನೀನು ಅಂದ್ರೆ ನನಗೆ ಇಷ್ಟ ಮಾರಾಯ್ತಿ. ಎಲ್ಲ ಹಾಳು ಮಾಡಿದ ದಿನವೇ ಹೇಳ್ತಾ ಇದ್ದೇನೆ."

ಅವಳು ಫ್ಲಾಸ್ಕಿನಿಂದ ಕಣ್ಣು ಕೀಳಲಿಲ್ಲ. ಅಂಚಿನಲ್ಲಿ ಚಹಾದ ಬಣ್ಣ ಸಣ್ಣಗೆ ಕಾಣಿಸಿತು. ನೋಡನೋಡುತ್ತಿದ್ದಂತೆ ಎಲ್ಲವೂ ಕಂದಾಯಿತು.

"ಇನ್ನು ಫಂಗಸ್ ಸಾಯ್ಬೇಕಲ್ಲ," ಎಂದಳು. ಕಣ್ಣು ತುಂಬಿತ್ತು. "ಅಲ್ಲಿವರೆಗೆ ನೀನು ಒಂದು ಎಲೆಯನ್ನೂ ತೊಳೀಬಾರದು."

"ಆಮೇಲೆ?"

ಬಾಗಿಲು ತೆರೆದುಕೊಳ್ಳುವಷ್ಟರಲ್ಲಿ ಅವಳು ಪಿಸುಗುಟ್ಟಿದಳು:

"ಆಮೇಲೆ ನಮ್ಮಿಬ್ಬರ ಮನೆಯ ಸೊಪ್ಪು ನೀನೇ ತೊಳೆ. ಉಪ್ಪು ಹಾಕಿಯೇ."