ಕೆಂಪು ಆಯಿಲ್ ಕೊಡಲ್ಲ!

"ಆ ಕೆಂಪು ಆಯಿಲ್ ಒಂದು ಡಬ್ಬಿ ಕೊಡಿ ಮೇಡಂ."

"ಕೊಡಲ್ಲ!"

ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯ ಕರಿಬಸಪ್ಪನವರ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಗಿರಾಕಿಗೆ ಹೀಗೆ ಮುಖಕ್ಕೆ ಹೊಡೆದಂತೆ ಹೇಳುವ ಧೈರ್ಯ ಇದ್ದದ್ದು ಒಬ್ಬಳಿಗೇ... ಅವರ ಮಗಳು ಶರಣ್ಯಾಗೆ!

ಎದುರಿಗಿದ್ದವನು ಕಕ್ಕಾಬಿಕ್ಕಿಯಾದ. ಇಸ್ತ್ರಿ ಶರಟು, ಹೆಗಲಿಗೊಂದು ಬ್ಯಾಗು. ಹೆಸರು ಮಹದೇವ್, ದೀಪಾಂಜಲಿ ನಗರದವನು, ಕಾಲೇಜಿನಲ್ಲಿ ಅಕೌಂಟ್ಸ್ ಮೇಷ್ಟ್ರು.

"ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸಿಗೆ ಕೆಂಪು ಆಯಿಲ್ ಅಂತಾರಲ್ವಾ..." ಎಂದು ತನ್ನ ಕಾರಿನ ಹೆಸರು ಹೇಳಿದ.

"ಬಣ್ಣ ನೋಡಿ ತಗೊಳ್ಳೋಕೆ ಇದೇನು ಸೀರೆನಾ? ನೀವು ಹೇಳೋ ಕಾರು ಎರಡು ಥರ ಗೇರ್‌ಬಾಕ್ಸಲ್ಲಿ ಬಂದಿದೆ. ಒಂದಕ್ಕೆ ಈ ಕೆಂಪಿಂದು. ಇನ್ನೊಂದು ಸಿವಿಟಿ, ಅದಕ್ಕೆ ಬೇರೆನೇ ಆಯಿಲ್. ಸಿವಿಟಿಗೆ ಇದನ್ನ ಸುರಿದ್ರೆ ಒಳಗಿನ ಬೆಲ್ಟ್ ಜಾರಿ, ಕಾರು ನಡುರೋಡಲ್ಲಿ ನಿಂತ್ಕೊಳ್ಳತ್ತೆ. ಕಾರು ತನ್ನಿ, ಇಲ್ಲಾ ಕಾರಿನ ಪುಸ್ತಕ ತನ್ನಿ!"

ಅವನು ನಕ್ಕ. ಬೈಸಿಕೊಂಡು ನಗುವ ಗಂಡಸನ್ನು ಶರಣ್ಯಾ ನೋಡಿದ್ದು ಅದೇ ಮೊದಲು.

ಎರಡು ದಿನ ಬಿಟ್ಟು ಮತ್ತೆ ಬಂದ. ಮೆಜೆಸ್ಟಿಕ್ಕಿನಲ್ಲಿ ಮೆಟ್ರೋ ಬದಲಿಸಿ ಬೆವರುತ್ತಾ ಬಂದವನು ಬ್ಯಾಗಿನಿಂದ ತೆಗೆದದ್ದು... ಮಿಕ್ಸಿಯ ಪುಸ್ತಕ!

"ಇದ್ರಲ್ಲಿ ಚಟ್ನಿ ರುಬ್ಬೋದು ಹೇಗೆ ಅಂತಿದೆ ಸಾರ್."

"ಓಹ್! ಗಡಿಬಿಡೀಲಿ ತಪ್ಪಾಯ್ತು ಮೇಡಂ. ನಾಳೆ ಬರ್ತೀನಿ."

ಮರುದಿನ ವಾಷಿಂಗ್ ಮಷೀನಿನದು ತಂದ.

'ಅಯ್ಯೋ ಶಿವನೇ, ಇವನ ಹತ್ರ ಆ ಮಕ್ಕಳು ಏನು ಕಲೀತಾರೋ!' ಎಂದುಕೊಂಡಳು. ಆದರೆ ಸಂಜೆಯಾದರೆ ಸಾಕು, ಕಣ್ಣು ತಾನಾಗಿ ರಸ್ತೆಯ ಕಡೆ ಓಡುತ್ತಿತ್ತು. ಅವನು ಅವಳಿಗೆ ಇಷ್ಟವಾಗಿಬಿಟ್ಟಿದ್ದ! ಗ್ರೀಸ್ ಡಬ್ಬಿಗಳ ಮಧ್ಯೆ ನಿಂತು ಅದನ್ನು ಹೇಳುವುದಾದರೂ ಹೇಗೆ?

ಶನಿವಾರ ಕಾರೇ ಬಂತು. ಅದರಿಂದ ಮೊದಲು ಇಳಿದವರು ಅವನ ತಾಯಿ ಮುನಿಲಕ್ಷ್ಮಮ್ಮ.

"ಏನಮ್ಮಾ, ಒಂದು ಡಬ್ಬಿ ಆಯಿಲ್‌ಗೆ ನನ್ನ ಮಗನ್ನ ಎಷ್ಟು ಓಡಾಡಿಸ್ತೀಯಾ? ನಾಳೆ ಕೆಂಗೇರಿಗೆ ಹೆಣ್ಣು ನೋಡೋಕೆ ಹೋಗ್ಬೇಕು. ಆಯಿಲ್ ಬದಲಾಯಿಸದೆ ಜಾಸ್ತಿ ಓಡಿಸ್ಬೇಡಿ ಅಂದಿದಾನೆ ಮೆಕ್ಯಾನಿಕ್ಕು!"

ಹೆಣ್ಣು ನೋಡೋಕೆ...

ಶರಣ್ಯಾಳ ಎದೆ ಧಸಕ್ಕೆಂದಿತು. ಹೋಗಿ ಬಾನೆಟ್ ಎತ್ತಿ ನೋಡಿದಳು. ಸಿವಿಟಿಯೇ.

"ಪರವಾಗಿಲ್ಲ ಮೇಡಂ, ಕೆಂಪಿಂದೇ ಕೊಟ್ಬಿಡಿ," ಎಂದ ಮಹದೇವ್ ಮೆಲ್ಲಗೆ.

ಅವಳಿಗೆ ಮೈಯೆಲ್ಲ ಉರಿಯಿತು. ಇಷ್ಟು ಹೇಳಿದ ಮೇಲೂ ಯಾವುದಾದರೂ ಸರಿಯಂತೆ! ಅಷ್ಟು ಆತುರವಾ ಕೆಂಗೇರಿಗೆ ಹೋಗೋಕೆ?

ಕೈ ಸೀದಾ ಕೆಂಪು ಡಬ್ಬಿಯ ಮೇಲೆ ಹೋಯಿತು. ಕೊಟ್ಟೇಬಿಡಲಾ? ಕೇಳಿದವನು ಅವನೇ! ಮೈಸೂರು ರಸ್ತೆಯಲ್ಲಿ ಕಾರು ನಿಲ್ಲಲಿ... ಆ ಹೆಣ್ಣಿನ ಮನೆಯ ಕೇಸರಿಬಾತ್ ತಣ್ಣಗಾಗಲಿ... ಸಂಬಂಧವೇ ತಪ್ಪಿಹೋಗಲಿ! ಯಾರಿಗೆ ಗೊತ್ತಾಗುತ್ತೆ?

ಆದರೆ ಈ ಅಂಗಡಿಯಲ್ಲಿ ತಪ್ಪು ಆಯಿಲ್ ಕೊಟ್ಟದ್ದೇ ಇಲ್ಲ. ಕೈ ಹಿಂದಕ್ಕೆ ಬಂತು. ಸಿವಿಟಿ ಡಬ್ಬಿಯನ್ನು ಎತ್ತಿ ಅವನ ಮುಂದೆ ಕುಕ್ಕಿದಳು.

"ತಗೊಳ್ಳಿ. ಇದು ಹಾಕಿಸಿದ್ರೆ ಕಾರು ಎಲ್ಲೂ ನಿಲ್ಲಲ್ಲ. ಕಲ್ಯಾಣ ಮಂಟಪದವರೆಗೂ ಸಲೀಸಾಗಿ ಹೋಗತ್ತೆ!"

ಅವನ ಮುಖ ಯಾಕೋ ಬಾಡಿಹೋಯಿತು.

ಭಾನುವಾರ ಬೆಳಿಗ್ಗೆ ಶರಣ್ಯಾ ಒಂದೇ ಶೆಲ್ಫನ್ನು ಮತ್ತೆ ಮತ್ತೆ ಒರೆಸುತ್ತಿದ್ದಳು.

"ಯಾಕವ್ವಾ, ತಿಂಡಿ ಬಿಟ್ಟೀಯಲ್ಲ?" ಎಂದರು ದಾವಣಗೆರೆ ಕಡೆಯ ಕರಿಬಸಪ್ಪ.

"ಹಸಿವಿಲ್ಲ ಅಪ್ಪಾಜಿ."

"ಈ ಡಬ್ಬಿ ವಾಪಸ್ ತಗೋತೀರಾ?"

ತಿರುಗಿ ನೋಡಿದರೆ ಮಹದೇವ್! ಕೈಯಲ್ಲಿ ಸೀಲ್ ಒಡೆಯದ ಡಬ್ಬಿ.

"ಕೆಂಗೇರಿ...?"

"ಹೋಗಲಿಲ್ಲ. ಕಾರಿನ ಪುಸ್ತಕ ಮೊದಲನೇ ದಿನವೇ ನನ್ನ ಬ್ಯಾಗಲ್ಲಿತ್ತು ಶರಣ್ಯಾ. ತೋರಿಸಿಬಿಟ್ರೆ ಮತ್ತೆ ಬರೋಕೆ ಕಾರಣ ಎಲ್ಲಿರ್ತಿತ್ತು?"

"ಅಂದ್ರೆ... ಆ ಮಿಕ್ಸಿ ಪುಸ್ತಕ?"

"ಅಮ್ಮ ಇನ್ನೂ ಹುಡುಕ್ತಾ ಇದಾರೆ."

"ಮತ್ತೆ ನಿನ್ನೆ ಕೆಂಪಿಂದೇ ಬೇಕು ಅಂದ್ರಲ್ಲ?"

"ನಡುರೋಡಲ್ಲಿ ನಿಲ್ಲತ್ತೆ ಅಂತ ನೀವೇ ಹೇಳಿದ್ರಲ್ಲ! ನಿಂತ್ರೆ ಕೆಂಗೇರಿ ತಪ್ಪತ್ತೆ ಅಂದ್ಕೊಂಡೆ. ನೀವು ಸರಿಯಾದ್ದೇ ಕೊಟ್ಬಿಟ್ರಿ! ನಾನು ಹೋದ್ರೂ ಬಿಟ್ರೂ ಇವಳಿಗೇನೂ ಇಲ್ಲ ಅಂತ ಎಷ್ಟು ಸಂಕಟ ಆಯ್ತು ಗೊತ್ತಾ? ಬೆಳಿಗ್ಗೆ ಅಮ್ಮನ ಹತ್ರ ಎಲ್ಲಾ ಹೇಳ್ಬಿಟ್ಟೆ. ನನಗೆ ನೀವು ಬೇಕು."

ಶರಣ್ಯಾಗೆ ನಗುವೂ ಬಂತು, ಅಳುವೂ ಬಂತು.

"ನನ್ನ ಕೈನೂ ಆ ಕೆಂಪು ಡಬ್ಬಿ ಮೇಲೇ ಹೋಗಿತ್ತು ಕಣ್ರೀ..."

"ಹಾಗಾದ್ರೆ ಯಾಕೆ ಕೊಡಲಿಲ್ಲ?"

"ಪಾಪ, ಕಾರು ಏನು ಮಾಡಿತ್ತು!"

ಇಬ್ಬರೂ ನಕ್ಕರು. ಅವಳು ಕಣ್ಣೊರೆಸಿಕೊಂಡು ಕೇಳಿದಳು, "ಅಮ್ಮ ಏನಂದ್ರು?"

"ಮೊದಲು ನನಗೆ ಬೈದ್ರು. ಆಮೇಲೆ, 'ನೀನು ಕೇಳಿದ್ರೂ ತಪ್ಪು ಆಯಿಲ್ ಕೊಡದ ಹುಡುಗಿ, ನಿನ್ನ ಸಂಸಾರ ನೆಟ್ಟಗೆ ನಡೆಸ್ತಾಳೆ ಬಿಡು' ಅಂದ್ರು. ನಿಮ್ಮನೆಗೆ ಯಾವಾಗ ಬರೋಣ ಅಂತ ಕೇಳ್ಕೊಂಡು ಬಾ ಅಂದಿದಾರೆ."

"ಮುಂದಿನ ಐತವಾರ ಬರ್ರಿ!" ಟೈರುಗಳ ಹಿಂದಿನಿಂದ ಕರಿಬಸಪ್ಪನವರ ದನಿ ಬಂತು. "ಕೇಸರಿಬಾತ್ ಮಾಡ್ಸೋಣ."

ಶರಣ್ಯಾ ನಾಚಿ ಡಬ್ಬಿಯನ್ನು ಅವನ ಕಡೆಗೇ ತಳ್ಳಿದಳು.

"ವಾಪಸ್ ಎಲ್ಲಾ ತಗೊಳ್ಳಲ್ಲ. ಇದನ್ನ ಹಾಕಿಸ್ಕೊಂಡೇ ಬನ್ನಿ."

"ಹಾಕಿಸಿದ ಮೇಲೂ ಕಾರು ನಿಂತ್ರೆ?"

"ನಡ್ಕೊಂಡು ಬನ್ನಿ. ನಾನು ಕಾಯ್ತಾ ಇರ್ತೀನಿ."